ಬಡಾವಣೆಯೊಳಗೆ ಉಳಿದ ಊರು

ಆರ್.ಟಿ. ನಗರದಲ್ಲಿ ನೆಟ್ಟಗೆ ಸಾಗುವ ಅಡ್ಡರಸ್ತೆಗಳು ಮಠದಹಳ್ಳಿ ಬಂದೊಡನೆ ಕಿರಿದಾಗಿ ಸೊಟ್ಟಗಾಗುತ್ತವೆ. ಯೋಜನೆಯಿಲ್ಲದೆ ಬೆಳೆದ ಜಾಗ ಎಂದು ಮೂಗು ಮುರಿಯುವವರಿದ್ದಾರೆ. ಬಡಾವಣೆ ಎದ್ದದ್ದು ಹೊಲಗದ್ದೆಗಳ ಮೇಲೆ. ಮನೆಗಳಿದ್ದ ಗ್ರಾಮಠಾಣ ಹಾಗೆಯೇ ಉಳಿಯಿತು. ಅದಕ್ಕೂ ಒಂದು ನಕ್ಷೆ ಇತ್ತು, ಕಾಗದದ ಮೇಲೆ ಇರಲಿಲ್ಲ ಅಷ್ಟೆ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಆದ್ದರಿಂದ ಊರೆಂದರೆ ಮೊದಲು ಕೆರೆ. ಭೂಪಸಂದ್ರ, ಅಲ್ಲಾಳಸಂದ್ರಗಳ 'ಸಂದ್ರ' ಎಂಬುದು 'ಸಮುದ್ರ'ದ ಸವೆದ ರೂಪ. ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದ ಜನ ನಮ್ಮವರು! ಚೀನಾದ ಗುವಾಂಗ್‌ಶಿ ಪ್ರಾಂತದ ಝುವಾಂಗ್ ಜನರ ಎಷ್ಟೋ ಹಳ್ಳಿಗಳ ಹೆಸರು 'ನಾ' ಎಂದು ಆರಂಭವಾಗುತ್ತದೆ. ಅವರ ನುಡಿಯಲ್ಲಿ ಹಾಗೆಂದರೆ ಭತ್ತದ ಗದ್ದೆ. ಅಲ್ಲಿ ಗದ್ದೆ, ಇಲ್ಲಿ ಕೆರೆ, ಊರಿಗೆ ಹೆಸರು ಕೊಟ್ಟಿವೆ. ಕೆರೆಯ ಏರಿಯ ಕೆಳಗಿನ ನೆಲ ಗದ್ದೆ ತೋಟಗಳಿಗೆ ಮೀಸಲು. ಮನೆಗಳಿಗೆ ಪಕ್ಕದ ದಿಣ್ಣೆ, ರಾಗಿಗೆ ಅದರಾಚೆಯ ಕೆಂಪುಮಣ್ಣು.

ಇಲ್ಲಿನ ನೆಲೆಗಳು ಬಹಳ ಹಳೆಯವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಅದು ಈ ಭಾಗವನ್ನು 'ಪೆರ್ಬೊಳಲ್ ನಾಡು' ಎನ್ನುತ್ತದೆ. 'ಪೊಳಲ್' ಎಂದರೆ ಊರು, ಪಟ್ಟಣ.

ದೇವರಿಗೂ ಜಾಗ ಗೊತ್ತುಮಾಡಿದ್ದರು. ಊರ ಬಾಗಿಲ ಬಳಿ ಆಂಜನೇಯ. ಅಲ್ಲೇ ಬೇಸಾಯದ ಆರಂಭದಲ್ಲಿ ಪೂಜೆಗೊಳ್ಳುವ ಕರುಗಲ್ಲು. ಅರಳಿಕಟ್ಟೆಯ ಮೇಲೆ ನಾಗರಕಲ್ಲು. ರೋಗರುಜಿನ ಹೊರಗಿನಿಂದ ಬರುತ್ತದೆಂಬ ನಂಬಿಕೆಯಿಂದ, ತಡೆಯುವ ಮಾರಮ್ಮ ಎಲ್ಲೆಯಲ್ಲಿ. ಹಬ್ಬದ ದಿನ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಅಲ್ಲಿಯವರೆಗೆ ನಡೆಯುತ್ತಿದ್ದರು.

ಈ ನಕ್ಷೆಯನ್ನು ಹೊಗಳುವವರು ಅದರ ಇನ್ನೊಂದು ಗೆರೆಯನ್ನೂ ನೋಡಬೇಕು. ಒಂದೊಂದು ಜಾತಿಗೆ ಒಂದೊಂದು ಕೇರಿ; ದಲಿತರ ಕೇರಿ ಮಾತ್ರ ಊರಿನಿಂದಲೇ ಹೊರಗೆ. ಕೆರೆಯ ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಅನೇಕ ಊರುಗಳಲ್ಲಿ ಆ ಕೇರಿಯವನೇ. ಎಲ್ಲರ ಪೈರಿಗೂ ಅವನು ಬಿಟ್ಟ ನೀರೇ ಬೇಕು, ಆದರೆ ಊರ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ಮಾರಮ್ಮನ ಮುಂದೆ ಅವನ ಕೇರಿಯ ತಮಟೆ ಇಲ್ಲದೆ ಹಬ್ಬ ನಡೆಯುತ್ತಿರಲಿಲ್ಲ.

ಗೋಮಾಳ, ಗುಂಡುತೋಪುಗಳು ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಷ್ಟೇ ಉಳಿದಿವೆ. ಎಲ್ಲೆ ಕಾಯುತ್ತಿದ್ದ ಮಾರಮ್ಮನ ಗುಡಿಗಳ ಸುತ್ತ ಈಗ ನಾಲ್ಕೂ ಕಡೆ ಮನೆಗಳು. ಹೊರಗಿದ್ದ ಕೇರಿಗಳಿಗೂ ಅಡ್ಡರಸ್ತೆಯ ಸಂಖ್ಯೆ ಬಂದಿದೆ. ಹಳಬರು ಮಾತ್ರ ಇನ್ನೂ ಹಳೆಯ ಹೆಸರಿನಿಂದಲೇ ದಾರಿ ಹೇಳುತ್ತಾರೆ.