ಕಾಶಿಯ ಪಂಡಿತರ ಪ್ರಶಂಸಾಪತ್ರ

ನಮ್ಮ ಐಟಿ ಕ್ಷೇತ್ರದಲ್ಲಿ ಲಿಂಕ್ಡ್‌ಇನ್‌ನಲ್ಲಿ ಯಾರಾದರೂ ಬರೆದ ನಾಲ್ಕು ಒಳ್ಳೆಯ ಮಾತಿಗೂ ಬೆಲೆಯುಂಟು. 17ನೇ ಶತಮಾನದ ಕಾಶಿಯಲ್ಲೂ ಹೀಗೇ ಇತ್ತು!

ಗೋದಾವರಿ ತೀರದಿಂದ ಬಂದು ಕಾಶಿಯಲ್ಲಿ ನೆಲೆಸಿದ್ದ ಸಂನ್ಯಾಸಿ ಕವೀಂದ್ರಾಚಾರ್ಯ ಸರಸ್ವತಿ. ಆಗ ಕಾಶಿ, ಪ್ರಯಾಗಗಳ ಯಾತ್ರಿಕರು ತೆರಿಗೆ ಕಟ್ಟಬೇಕಿತ್ತು. ಇವರು ಮೊಘಲ್ ದೊರೆ ಷಹಜಹಾನನ ಮನವೊಲಿಸಿ ಅದನ್ನು ರದ್ದು ಮಾಡಿಸಿದರು.

ಕೃತಜ್ಞರಾದ ಪಂಡಿತರು ಸಂಸ್ಕೃತದಲ್ಲಿ ಬರೆದ ಪ್ರಶಂಸೆಗಳ ಸಂಕಲನವೇ ‘ಕವೀಂದ್ರಚಂದ್ರೋದಯ’. ಹಿಂದಿ ಕವಿಗಳದ್ದು ‘ಕವೀಂದ್ರಚಂದ್ರಿಕಾ’. ವಾದ, ಖಂಡನೆಗಳಿಗೆ ಹೆಸರಾದ ಊರಿನಲ್ಲಿ ಇಷ್ಟು ಜನ ಒಂದೇ ಪುಸ್ತಕದಲ್ಲಿ ಒಬ್ಬರನ್ನು ಹೊಗಳಿದ್ದು ಸಣ್ಣ ಮಾತಲ್ಲ. ಹೊಗಳಿದವರ ಹೆಸರೂ ಅದರಿಂದಲೇ ಉಳಿಯಿತು.

ಕವೀಂದ್ರರ ದೊಡ್ಡ ಗ್ರಂಥಭಂಡಾರ ಕಾಲಾನಂತರ ಚದುರಿಹೋಯಿತು. ಅದರದ್ದೆನ್ನಲಾದ, ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿ 1921ರಲ್ಲಿ ಬರೋಡದಲ್ಲಿ ಅಚ್ಚಾಯಿತು. ಆಸ್ತಿ ಹೋದರೂ ಕೀರ್ತಿ ಉಳಿದದ್ದು ಬರೆದಿಟ್ಟವರಿಂದ.

ನನಗೆ ಇಷ್ಟವಾಗುವುದು ಇದು: ಆ ಕೀರ್ತಿಯ ಬುಡದಲ್ಲಿ ಬರೀ ಪಾಂಡಿತ್ಯವಿರಲಿಲ್ಲ, ಸಂಸ್ಕೃತ ಓದಲು ಬಾರದ ಯಾತ್ರಿಕರಿಗೂ ಆದ ಉಪಕಾರವಿತ್ತು. ನಮ್ಮ ಅಜ್ಜಿ, ಅಮ್ಮಂದಿರು ಮಾಡಿದ ಉಪಕಾರಗಳಿಗೆ ಇಂಥ ಸಂಕಲನ ಎಲ್ಲಿದೆ? ಗೆಳತಿಯರೇ, ಒಬ್ಬರ ಕೆಲಸವನ್ನು ಇನ್ನೊಬ್ಬರು ಹೆಸರು ಹಿಡಿದು ಬರೆದಿಡೋಣ. ನಾಳೆಯ ಇತಿಹಾಸಕ್ಕೆ ಸಿಗುವುದು ಅದೇ.