ತೊಗಲುಗೊಂಬೆಯೂ ಅನಿಮೇಷನ್ ವ್ಯಾಸಂಗವೂ

ತುಮಕೂರು ರಸ್ತೆಯ ಟಿ. ದಾಸರಹಳ್ಳಿ ಎಂದೊಡನೆ ಬಹುಮಂದಿಗೆ ನೆನಪಾಗುವುದು ನೆರೆಯ ಪೀಣ್ಯದ ಕಾರ್ಖಾನೆಗಳು, ಪಾಳಿ ಮುಗಿಸಿ ಬರುವ ಕಾರ್ಮಿಕರು. ಅದೇ ರಸ್ತೆಯಲ್ಲಿ ಯಶವಂತಪುರದ ಕಡೆಗೆ ಬಂದರೆ ಎಚ್.ಎಂ.ಟಿ. ಲಿಂಕ್ ರಸ್ತೆಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆಯಿದೆ, 2006ರಲ್ಲಿ ಆರಂಭವಾದದ್ದು. ದಾಸರಹಳ್ಳಿಯ ಫಿಟ್ಟರೊಬ್ಬನ ಮಗಳು 'ನಾನು ಅನಿಮೇಷನ್ ಓದುತ್ತೇನೆ' ಎಂದರೆ ಇಂದು ಮನೆಯವರು ಬೆಚ್ಚಿಬೀಳಲಾರರು. ಆದರೆ ಅವಳು ಓದುವುದು ಏನನ್ನು? ಸಾಫ್ಟ್‌ವೇರನ್ನೋ, ಚಲನೆಯ ಭಾಷೆಯನ್ನೋ? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ.

1956ರಲ್ಲಿ ಕ್ಲೇರ್ ವೀಕ್ಸ್ ಎಂಬ ಡಿಸ್ನಿ ಕಲಾವಿದರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮ ಚಿತ್ರಕಾರರನ್ನು ತರಬೇತುಗೊಳಿಸಿದರು. ಭಾರತದಲ್ಲಿಯೇ ಹುಟ್ಟಿದ ಮಿಷನರಿ ಮನೆತನದವರು ಅವರು. ಅವರ ಮಾರ್ಗದರ್ಶನದಲ್ಲಿ ಜಾತಕ ಕಥೆಯೊಂದು 'ದಿ ಬನ್ಯನ್ ಡೀರ್' ಎಂಬ ಚಿತ್ರವಾಯಿತು. ರಾಮ್ ಮೋಹನ್ ಅವರಂಥವರು ಪಳಗಿದ್ದು ಆ ಗರಡಿಯಲ್ಲಿ. ಉಪಕಾರ ದೊಡ್ಡದೇ. ಆದರೆ ಗರಡಿಯ ಪಟ್ಟುಗಳು ಡಿಸ್ನಿಯವು: ದೇಹ ಹಿಗ್ಗಬೇಕು, ಕುಗ್ಗಬೇಕು, ರಬ್ಬರು ಚೆಂಡಿನಂತೆ ಪುಟಿಯಬೇಕು. ಕಥೆ ಜಾತಕದ್ದು, ನಡಿಗೆ ಹಾಲಿವುಡ್ಡಿನದು.

ನಮ್ಮ ತೊಗಲುಗೊಂಬೆ ಹಿಗ್ಗದು, ಕುಗ್ಗದು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ಹೆರೆದು, ಬಣ್ಣ ಹಚ್ಚಿ, ಒಡವೆಯ ಗೆರೆಗಳನ್ನು ರಂಧ್ರಗಳಿಂದಲೇ ಬಿಡಿಸಿ, ನಡುವೆ ಬಿದಿರಿನ ಸೀಳನ್ನು ಕಟ್ಟಿದರೆ ಗೊಂಬೆ. ಕರ್ನಾಟಕದಲ್ಲಿ ಒಂದೇ ತೊಗಲಿನ ಮೇಲೆ ಇಡೀ ದೃಶ್ಯವನ್ನೇ ಕೊರೆದ ಗೊಂಬೆಗಳು ಎಷ್ಟೋ ಇವೆ; ಅವುಗಳಲ್ಲಿ ಕೈಕಾಲು ಆಡುವುದೇ ಇಲ್ಲ. ಹಾಗಾದರೆ ಚಲನೆ ಎಲ್ಲಿದೆ? ಪರದೆಗೆ ಒತ್ತಿದಾಗ ನೆರಳು ಸ್ಫುಟವಾಗುತ್ತದೆ. ತುಸು ಹಿಂದೆಳೆದರೆ ಮಸುಕಾಗುತ್ತದೆ. ದೀಪದ ಕುಡಿ ಅಲುಗಿದರೆ ಅರಮನೆಯೇ ಉಸಿರಾಡುತ್ತದೆ. ಉಳಿದದ್ದನ್ನು ಹಾಡು ಪೂರೈಸುತ್ತದೆ. ಅರಸನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ಗಾತ್ರವೂ ಇಲ್ಲಿ ವ್ಯಾಕರಣವೇ.

ಇದನ್ನು ಅನಿಮೇಷನ್ನಿನೊಡನೆ ತಳಕು ಹಾಕುವುದು ಬರಿಯ ಅಭಿಮಾನವಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕಪ್ಪು ಕಾಗದದ ಆಕೃತಿಗಳನ್ನು ಕತ್ತರಿಸಿ, ಕೀಲುಗಳಿಗೆ ತಂತಿ ಹಾಕಿ, ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸಿ 1926ರಲ್ಲಿ ರಾಜಕುಮಾರ ಅಹಮದನ ಕಥೆಯನ್ನು ಪೂರ್ಣಾವಧಿಯ ಚಿತ್ರವಾಗಿ ಮುಗಿಸಿದರು. ಇಂದಿಗೆ ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ನೆರಳಾಟವೇ ಆಕೆಯ ಭಾಷೆ.

ಅಹಮದಾಬಾದಿನ ವಿನ್ಯಾಸ ಸಂಸ್ಥೆ ಬಹುಕಾಲ ಡಿಪ್ಲೊಮಾ ಮಾತ್ರ ಕೊಡುತ್ತಿತ್ತು. 2014ರ ಕಾಯಿದೆಯಿಂದ ಅದಕ್ಕೆ ಪದವಿ ನೀಡುವ ಅಧಿಕಾರ ಬಂತು. ಪದವಿಯ ವಿಚಾರ ಹಾಗಿರಲಿ. ಅಲ್ಲಿ ಓದಿ, ಮುಂದೆ ಮುಂಬಯಿಯ ಐ.ಐ.ಟಿ.ಯಲ್ಲಿ ಕಲಿಸಿದ ನೀನಾ ಸಬ್ನಾನಿಯವರು 2009ರ 'ಟಾಂಕೊ ಬೋಲೆ ಛೆ' ಚಿತ್ರದಲ್ಲಿ ಕಚ್ಛದ ಹೆಂಗಸರ ಕಸೂತಿಯನ್ನೇ ನಡೆದಾಡಿಸಿದರು. ಹೊಲಿಗೆಯೇ ಅಲ್ಲಿ ಗೆರೆ, ಹೊಲಿದವರದೇ ಕಥೆ. ವಿಶ್ವವಿದ್ಯಾನಿಲಯದ ವ್ಯಾಸಂಗವೆಂದರೆ ನನ್ನ ಮಟ್ಟಿಗೆ ಇದು.

ನಮ್ಮಲ್ಲಿ ಎಂ.ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನು ಹುಡುಕಿ ತಂದು ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿದರು. 2012ರಲ್ಲಿ ಸರ್ಕಾರ ಅನಿಮೇಷನ್ ಉದ್ಯಮಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಗೊಂಬೆ ಸಂಗ್ರಹಾಲಯಕ್ಕೆ, ವಿದ್ಯಾರ್ಥಿ ಉದ್ಯಮಕ್ಕೆ ಎಂದು ದಾರಿಗಳು ಕವಲೊಡೆದರೆ ನಷ್ಟ ಇಬ್ಬರಿಗೂ. ನನ್ನ ಸೂಚನೆ ಚಿಕ್ಕದು. ಮೊದಲ ವರ್ಷದ ವಿದ್ಯಾರ್ಥಿಗಳು ಗಣಕದ ಮುಂದೆ ಕೂಡುವ ಮುನ್ನ ಒಂದು ರಾತ್ರಿ ಪರದೆಯ ಹಿಂಬದಿಯಲ್ಲಿ, ಗೊಂಬೆ ಆಡಿಸುವವರ ಪಕ್ಕದಲ್ಲಿ ಕೂಡಲಿ. ಇದನ್ನು ಮುಂದೂಡುವಂತಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96.