ಮೂರು ಮಿಲಿಮೀಟರ್‌ನ ಇತಿಹಾಸ

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಲು ಹೊರಟ ಬ್ಲಾಗಿಗರನ್ನು ಪ್ರೆಸ್ಸಿನವರು ಕತೆ ಹೇಗಿದೆ ಅಂತ ಕೇಳುವುದಿಲ್ಲ. "ಬ್ಲೀಡ್ ಎಷ್ಟು ಬಿಟ್ಟಿದೀರಾ ಸಾರ್?" ಅಂತ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ರಕ್ತ ಸುರಿಯುವುದು ಎಂದರ್ಥ. ಪುಸ್ತಕಕ್ಕೂ ರಕ್ತಕ್ಕೂ ಎತ್ತಣ ಸಂಬಂಧ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಸ್ವಾರಸ್ಯವಾಗಿದೆ, ಅದಕ್ಕೇ ಈ ಬರಹ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕದ ಪುಟಗಳು ಅದೇ ಅಳತೆಯಲ್ಲಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯಲ್ಲಿ 8 ಅಥವಾ 16 ಪುಟ ಒಟ್ಟಿಗೆ ಅಚ್ಚಾಗಿ, ಮಡಿಚಿ, ಫಾರಂ ಆಗಿ, ಹೊಲಿದೋ ಅಂಟಿಸಿಯೋ ಆದ ಮೇಲೆ ಮೂರು ಕಡೆ ಕತ್ತರಿಸುತ್ತಾರೆ. ಕತ್ತಿಗೆ ಕಣ್ಣಿಲ್ಲ. ಕಟ್ಟು ಒಂದು ಕೂದಲೆಳೆಯಷ್ಟು ಜರುಗಿದರೂ ಗೆರೆ ತಪ್ಪುತ್ತದೆ. ಒಂದರೊಳಗೊಂದು ಮಡಿಚಿದ ಹಾಳೆಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ತುಸು ಮುಂದೆ ಚಾಚಿಕೊಂಡಿರುತ್ತದೆ. ಹಾಗಾಗಿ ಅಂಚಿನವರೆಗೂ ಬಣ್ಣವೋ ಚಿತ್ರವೋ ಬೇಕೆಂದರೆ ಅದನ್ನು ಅಂಚಿನಾಚೆಗೂ 3 ಮಿ.ಮೀ. ಬೆಳೆಸಿ ಕೊಡಬೇಕು. ಕತ್ತಿ ಅತ್ತಿತ್ತ ಹೋದರೂ ಬಿಳಿ ಗೆರೆ ಇಣುಕುವುದಿಲ್ಲ. ಆ ಹೆಚ್ಚುವರಿ ಪಟ್ಟಿಯೇ ಬ್ಲೀಡ್. ಅಚ್ಚಾಗಿ, ಕತ್ತರಿಸಿಕೊಂಡು, ಕಸದ ಬುಟ್ಟಿಗೆ ಹೋಗಲೆಂದೇ ಹುಟ್ಟಿದ ಪಾಪದ ಪಟ್ಟಿ :-)

ಈಗ ಇತಿಹಾಸಕ್ಕೆ ಬರೋಣ. ಯುರೋಪಿನಲ್ಲಿ ಬಹುಕಾಲ ಪುಸ್ತಕ ಮಾರಾಟವಾಗುತ್ತಿದ್ದದ್ದು ಹಾಳೆಗಳಾಗಿ, ಇಲ್ಲವೇ ತೆಳ್ಳಗಿನ ತಾತ್ಕಾಲಿಕ ಹೊದಿಕೆಯಲ್ಲಿ. ಕೊಂಡವನು ತನ್ನ ಬೈಂಡರ್ ಹತ್ತಿರ ಒಯ್ದು ತನಗೆ ಬೇಕಾದ ಚರ್ಮದಲ್ಲಿ ಕಟ್ಟಿಸಿಕೊಳ್ಳುತ್ತಿದ್ದ. ಕೈಯಲ್ಲಿ ತಯಾರಿಸಿದ ಕಾಗದದ ಅಂಚು ಮೊದಲೇ ಡೊಂಕು. ಬೈಂಡರ್ ಕಟ್ಟನ್ನು ಇಕ್ಕಳದಲ್ಲಿ ಬಿಗಿದು, ಪ್ಲವ್ ಎಂಬ ಉಪಕರಣವನ್ನು ಹಿಂದೆ ಮುಂದೆ ಎಳೆಯುತ್ತಾ ಕೆಲವೇ ಹಾಳೆಗಳಂತೆ ಸವರಿ ನುಣುಪು ಮಾಡುತ್ತಿದ್ದ. ಚಿನ್ನದ ರೇಕು ಹಚ್ಚಬೇಕಿದ್ದರಂತೂ ಅಂಚು ಕನ್ನಡಿಯಂತಿರಬೇಕು. ಮುಂದೆ ಪುಸ್ತಕ ಬೇರೆಯವರ ಕೈಗೆ ಹೋದರೆ ಮತ್ತೆ ಹೊಸ ಬೈಂಡು, ಮತ್ತೊಂದಿಷ್ಟು ಸವರುವುದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಪುಸ್ತಕ ಸಣ್ಣದಾಗುತ್ತಾ, ಒಂದು ದಿನ ಕತ್ತಿ ಅಕ್ಷರಕ್ಕೇ ತಾಗುತ್ತಿತ್ತು. ಆಗ ಬೈಂಡರುಗಳು ಪುಸ್ತಕಕ್ಕೆ ರಕ್ತ ಬಂತು ಎನ್ನುತ್ತಿದ್ದರು! ಲಂಡನ್ನಿನ ಬೈಂಡರ್ ಜೋಸೆಫ್ ಜೇನ್ಸ್‌ಡಾರ್ಫ್ 1880ರಲ್ಲಿ ಪ್ರಕಟಿಸಿದ ಪುಸ್ತಕ ಕಟ್ಟುವ ಕಲೆಯ ಕೈಪಿಡಿಯ ಪದಕೋಶದಲ್ಲಿ ಬ್ಲೀಡ್ ಎಂಬುದಕ್ಕಿರುವ ಅರ್ಥ ಇದೇ, ಅಚ್ಚಾದ ಭಾಗಕ್ಕೇ ಕತ್ತಿ ಬಿದ್ದಿರುವುದು.

ಅಂದರೆ ಇವತ್ತು ನಾವು ಬೇಕೆಂದೇ ಬಿಡುವ ಬ್ಲೀಡ್, ಒಂದು ಕಾಲಕ್ಕೆ ಬೈಂಡರ್‌ಗೆ ಬೈಗುಳ.

ಇಂಥ ಗಾಯಗಳಲ್ಲಿ ಬಹಳ ಪ್ರಸಿದ್ಧವಾದದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಬುಕ್ ಆಫ್ ಕೆಲ್ಸ್‌ನದು. ಕ್ರಿ.ಶ. 800ರ ಆಸುಪಾಸಿನಲ್ಲಿ ಸನ್ಯಾಸಿಗಳು ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದು, ಚಿತ್ರ ಬಿಡಿಸಿದ ಗ್ರಂಥ ಅದು. ಸಾವಿರ ವರ್ಷ ಹೇಗೋ ಉಳಿದು ಬಂದಿತ್ತು. 1820ರ ದಶಕದಲ್ಲಿ ಅದನ್ನು ಮರುಬೈಂಡ್ ಮಾಡಿದಾಗ ಅಂಚುಗಳನ್ನು ಸವರಿ ಚಿನ್ನ ಹಚ್ಚಿದರು. ಆ ಭರದಲ್ಲಿ ಕೆಲವು ಪುಟಗಳ ಚಿತ್ರದಂಚುಗಳೇ ಹೋದವು. ಹಾಳುಮಾಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ಚೆಂದ ಮಾಡಲು ಹೋಗಿ ಆದದ್ದು.

ಅಂಚು ಅಂದರೆ ಬರೀ ಖಾಲಿ ಜಾಗ ಅಂದುಕೊಳ್ಳಬೇಡಿ. ಓದುಗರು ಜಗಳವಾಡುವುದು, ಮೆಚ್ಚುವುದು, ಲೆಕ್ಕ ಬರೆಯುವುದು ಎಲ್ಲ ಅಲ್ಲೇ. ಗಣಿತ ಓದಿದವರಿಗೆ ಫರ್ಮಾ ಗೊತ್ತಿರುತ್ತಾನೆ. ಡಯೋಫಾಂಟಸ್‌ನ ಗ್ರಂಥದ 1621ರ ಮುದ್ರಣದ ಅಂಚಿನಲ್ಲಿ, 1637ರ ಸುಮಾರಿಗೆ, ತನ್ನ ಪ್ರಮೇಯ ಬರೆದು, ಸಾಧನೆಗೆ ಈ ಅಂಚು ಸಾಲದು ಅಂದುಬಿಟ್ಟ. ಮಗ ಸಾಮ್ಯುಯೆಲ್ ಆ ಟಿಪ್ಪಣಿಗಳನ್ನೆಲ್ಲ ಸೇರಿಸಿ 1670ರಲ್ಲಿ ಅಚ್ಚು ಹಾಕಿಸಿದ್ದರಿಂದ ಅದು ಉಳಿಯಿತು. ಫರ್ಮಾನ ಕೈಬರಹವಿದ್ದ ಆ ಪ್ರತಿ ಈಗ ಸಿಕ್ಕಿಲ್ಲ. ಆಂಡ್ರ್ಯೂ ವೈಲ್ಸ್‌ರ ಸಾಧನೆ ಪ್ರಕಟವಾದದ್ದು 1995ರಲ್ಲಿ. ಮಗ ಅಚ್ಚು ಹಾಕಿಸುವ ಮೊದಲೇ ಯಾರಾದರೂ ಬೈಂಡರ್ ಆ ಅಂಚನ್ನು ನೀಟಾಗಿ ಸವರಿಬಿಟ್ಟಿದ್ದರೆ?

ನಮ್ಮಲ್ಲಿಯೂ ಈ ಕಷ್ಟ ಇತ್ತು, ಕತ್ತಿಯ ಬದಲು ಗೆದ್ದಲು ಅಷ್ಟೆ. ತಾಳೆಗರಿಯಲ್ಲಿ ಬರೆಯುವವರು ಎರಡೂ ತುದಿಗಳಲ್ಲಿ ಜಾಗ ಬಿಡುತ್ತಿದ್ದರು, ದಾರ ಪೋಣಿಸುವ ತೂತಿನ ಸುತ್ತಲೂ ಬಿಡುತ್ತಿದ್ದರು. ಮೊದಲು ಮುರಿಯುವುದು ಅಂಚು ಅಂತ ಅವರಿಗೆ ಗೊತ್ತಿತ್ತು. ಮುರಿತ ಅಕ್ಷರದವರೆಗೂ ಬಂದರೆ ಅಲ್ಲಿಗೆ ಗ್ರಂಥಪಾತ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರು ಎಷ್ಟೋ ಕಡೆ ಚುಕ್ಕಿ ಇಟ್ಟು ಮುಂದೆ ಹೋಗಬೇಕಾಯಿತಲ್ಲ, ಅದು ನಮ್ಮ ಭಾಷೆಯ ಬ್ಲೀಡ್!

ಮತ್ತೆ ಕತ್ತಿಗೆ ಬರುತ್ತೇನೆ. 1844ರಲ್ಲಿ ಪ್ಯಾರಿಸ್ಸಿನ ಗಿಯೋಮ್ ಮಾಸಿಕೋ ಕಾಗದದ ಇಡೀ ಕಟ್ಟನ್ನು ಒಂದೇ ಏಟಿಗೆ ಕತ್ತರಿಸುವ ಗಿಲೊಟಿನ್ ಯಂತ್ರಕ್ಕೆ ಪೇಟೆಂಟ್ ಪಡೆದ. ಕ್ರಮೇಣ ಪ್ರಕಾಶಕರೇ ಬೈಂಡು ಮಾಡಿಸಿ ಮಾರತೊಡಗಿದರು. ಕತ್ತರಿಸುವ ಜಾಗ ಎಲ್ಲಿ ಅಂತ ಮೊದಲೇ ಗೊತ್ತಾದ ಮೇಲೆ ಬೈಗುಳಕ್ಕೆ ಹೊಸ ಅರ್ಥ ಬಂತು. 1920-30ರ ದಶಕಗಳ ಆಧುನಿಕ ವಿನ್ಯಾಸಕಾರರೂ ಚಿತ್ರಪತ್ರಿಕೆಗಳೂ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಪುಟದ ತುದಿಯಾಚೆಗೆ ಹರಿಯಬಿಟ್ಟರು. ಆಕಸ್ಮಿಕವಾಗಿ ಆಗುತ್ತಿದ್ದ ಗಾಯ ಬೇಕೆಂದೇ ಮಾಡುವ ಅಲಂಕಾರವಾಯಿತು.

ಮುಂದಿನದು ನಮ್ಮ ಕಂಪ್ಯೂಟರ್ ಮಂದಿಯ ಕತೆ. 1985ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್, ಆಪಲ್‌ನ ಲೇಸರ್‌ರೈಟರ್, ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಮೂರೂ ಸೇರಿ ಅಚ್ಚಿನಮನೆಯ ಅರ್ಧ ಕೆಲಸವನ್ನು ಮೇಜಿನ ಮೇಲೆ ತಂದಿಟ್ಟವು. 1993ರಲ್ಲಿ ಪಿಡಿಎಫ್ ಬಂತು. ಆದರೆ ಕತ್ತಿ ಎಲ್ಲಿ ಬೀಳಬೇಕು ಅಂತ ಫೈಲಿನೊಳಗೇ ಹೇಳುವ ಟ್ರಿಮ್‌ಬಾಕ್ಸ್, ಬ್ಲೀಡ್‌ಬಾಕ್ಸ್ ಸೇರಿದ್ದು ಅದರ 1.3ನೇ ಆವೃತ್ತಿಯಲ್ಲಿ. ಅಚ್ಚಿಗೆಂದೇ ಕಟ್ಟುನಿಟ್ಟು ಮಾಡಿದ ಪಿಡಿಎಫ್/ಎಕ್ಸ್-1ಎ ಐಎಸ್‌ಒ ಮಾನಕವಾದದ್ದು 2001ರಲ್ಲಿ. ಬೈಂಡರ್‌ನ ಕಣ್ಣಂದಾಜು ನಾಲ್ಕು ಅಂಕಿಗಳ ಒಂದು ಸಾಲಾಯಿತು.

ಈ ಲೆಕ್ಕ ನಾನೇ ಮಾಡಿದ್ದು ನಮ್ಮ ದೊಡ್ಡಮ್ಮನ ಕತೆಗಳ ಪುಸ್ತಕಕ್ಕೆ. ನೋಟುಬುಕ್ಕಿನಲ್ಲಿದ್ದ ಕತೆಗಳು, ಜೊತೆಗೆ ಅವರೇ ಬಿಡಿಸಿದ ರಂಗೋಲಿಗಳು. ಡೆಮಿ 1/8 ಅಳತೆ, ಅಂದರೆ ಕತ್ತರಿಸಿದ ಮೇಲೆ ಸುಮಾರು 140 x 216 ಮಿ.ಮೀ. 200 ಪುಟ ಅಂದರೆ 100 ಹಾಳೆ. ಹಾಳೆಯ ದಪ್ಪ 0.1 ಮಿ.ಮೀ. ಆದರೆ ಬೆನ್ನು 10 ಮಿ.ಮೀ. ರಕ್ಷಾಪುಟ ಪೂರ್ತಿ ಹರಡಿದಾಗ 140 + 10 + 140, ಎರಡು ಬದಿಗೆ 3ರಂತೆ 6 ಸೇರಿ 296 ಮಿ.ಮೀ. ಅಗಲ. ಎತ್ತರ 222. 300 ಡಿಪಿಐನಲ್ಲಿ ಸುಮಾರು 3496 x 2622 ಪಿಕ್ಸೆಲ್.

ಲೆಕ್ಕ ಸುಲಭ, ದೊಡ್ಡಮ್ಮ ಕಷ್ಟ :-) "ಗೆರೆ ತುಂಡಾದ್ರೆ ಅದು ರಂಗೋಲಿ ಅಲ್ಲ ಕಣೋ, ಎಲ್ಲೂ ಕತ್ತರಿ ಹಾಕಿಸ್ಬೇಡ" ಅಂದರು. ಹಿನ್ನೆಲೆಯ ಕೆಂಪು ಬಣ್ಣ ಅಂಚಿನಾಚೆ 3 ಮಿ.ಮೀ. ಹೋಯಿತು. ರಂಗೋಲಿ ಮಾತ್ರ ಕತ್ತರಿಸುವ ಗೆರೆಯಿಂದ 10 ಮಿ.ಮೀ. ಒಳಗೇ ಉಳಿಯಿತು. ಯಾವುದನ್ನು ಕತ್ತಿಗೆ ಕೊಡಬಹುದು, ಯಾವುದನ್ನು ಕೊಡಬಾರದು ಅಂತ ಮೊದಲೇ ತೀರ್ಮಾನಿಸುವುದೇ ಪ್ರಿಂಟ್ ರೆಡಿ ಫೈಲ್ ಅಂತ ನನಗೆ ಅರ್ಥವಾದದ್ದು ಆಗ.

ಈ ತೀರ್ಮಾನವನ್ನು ನಾವು ಕನ್ನಡದ ಅಕ್ಷರಗಳ ವಿಷಯದಲ್ಲಿ ತೆಗೆದುಕೊಂಡಿಲ್ಲ ಅನ್ನುವುದು ನನ್ನ ಸಂಕಟ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ 2001ರ ಪೇಜ್‌ಮೇಕರ್ 7.0ರವರೆಗೂ ಅದಕ್ಕೆ ಯೂನಿಕೋಡ್ ಗೊತ್ತಿರಲೇ ಇಲ್ಲ. ಹೀಗಾಗಿ ಆಸ್ಕಿ ಫಾಂಟುಗಳಲ್ಲಿ ಪುಟ ಕಟ್ಟುವುದು ನಮ್ಮ ಡಿಟಿಪಿಯವರಿಗೆ ರೂಢಿಯಾಯಿತು. ಕಾಗದದ ಮೇಲೆ ಮುತ್ತಿನಂಥ ಅಕ್ಷರ, ಆದರೆ ಅದೇ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಡಿ, ಯಾವುದೋ ದೇಶದ ಚಿಹ್ನೆಗಳ ರಾಶಿ! ಹುಡುಕಿದರೆ ಸಿಗುವುದಿಲ್ಲ. ಮುಂದೆ ಯಾರೋ ಮರುಮುದ್ರಣಕ್ಕೆ ಹೊರಟರೆ ಮತ್ತೆ ಟೈಪು, ಮತ್ತೆ ಕರಡು ತಿದ್ದುವುದು. ಪುಟದಂಚಿಗೆ 3 ಮಿ.ಮೀ. ಕಾವಲು ಇಟ್ಟು, ಒಳಗಿನ ಪಠ್ಯವನ್ನೇ ಗ್ರಂಥಪಾತಕ್ಕೆ ಬಿಟ್ಟಂತೆ.

ಈಗ ಆ ನೆಪ ಹೇಳುವಂತಿಲ್ಲ. ಇನ್‌ಡಿಸೈನ್ 2012ರ ಸಿಎಸ್6ರಿಂದ ಭಾರತೀಯ ಲಿಪಿಗಳನ್ನು ಬೆಂಬಲಿಸುತ್ತಿದೆ. ದುಡ್ಡು ಕೊಡಲಾಗದವರಿಗೆ ಸ್ಕ್ರೈಬಸ್ ಇದೆ. ಸಂಯುಕ್ತ ಲಿಪಿಗಳ ಬೆಂಬಲವಿರುವ ಅದರ ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. ಬ್ಲೀಡ್ ಹಾಕುವ ಜಾಗವೂ ಅದರಲ್ಲೇ ಇದೆ. ಬೆಂಗಳೂರಿನದೇ ಆದ ಪೋಥಿ ಡಾಟ್ ಕಾಮ್ 2008ರಿಂದ ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿಕೊಡುತ್ತಿದೆ, ಸಾವಿರ ಪ್ರತಿ ಮಾಡಿಸಿ ಅಟ್ಟದ ಮೇಲೆ ಪೇರಿಸಬೇಕಾಗಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮಗೆ ಹೊರುವ ಕಷ್ಟವೂ ಇಲ್ಲ, ಫೈಲನ್ನಾದರೂ ಸರಿಯಾಗಿ ಮಾಡಿ ಕೊಡೋಣ.

ನಿಮ್ಮ ಬ್ಲಾಗು ಪುಸ್ತಕವಾಗುವಾಗ ಪ್ರೆಸ್ಸಿನವರ ಪ್ರಶ್ನೆಗೆ "ಮೂರೂ ಕಡೆ 3 ಮಿ.ಮೀ. ಬಿಟ್ಟಿದೀನಿ" ಅನ್ನಿ. ಆಮೇಲೆ ನೀವೂ ಒಂದು ಪ್ರಶ್ನೆ ಕೇಳಿ: "ಪಠ್ಯ ಯೂನಿಕೋಡಿನಲ್ಲೇ ಇರುತ್ತಾ? ಕೊನೆಯ ಫೈಲು ನನಗೂ ಕೊಡ್ತೀರಾ?" ಯಾರಾದರೂ ಆಗಲೇ ಪೂರ್ತಿ ಯೂನಿಕೋಡಿನಲ್ಲಿ ಕನ್ನಡ ಪುಸ್ತಕ ಮಾಡಿಸಿದ್ದರೆ, ಯಾವ ಫಾಂಟು, ಯಾವ ತಂತ್ರಾಂಶ, ಒತ್ತಕ್ಷರಗಳು ಎಲ್ಲಿ ಕೈಕೊಟ್ಟವು ಅಂತ ದಯವಿಟ್ಟು ಬರೆಯಿರಿ. ಕಾಯುತ್ತಿರುತ್ತೇನೆ.